ಮೇ ತಿಂಗಳ ಕಲಬುರಗಿಯಲ್ಲಿ ಓವನ್ನಿಗಿಂತ ಮೊದಲು ಅಡಿಗೆಮನೆಯೇ ಕಾದಿರುತ್ತದೆ

ಪ್ರಶ್ನೆ: ನಾವು ಕಲಬುರಗಿಯವರು. ಆರು ತಿಂಗಳ ಹಿಂದೆ 30 ಲೀಟರಿನ ಓಟಿಜಿ (ವಿದ್ಯುತ್ ಓವನ್ನು) ಕೊಂಡೆ. ಚಳಿಗಾಲದಲ್ಲಿ ಚೆನ್ನಾಗಿಯೇ ಬರುತ್ತಿದ್ದ ನಾನ್‌ಖಟಾಯಿ ಯುಗಾದಿ ಕಳೆದ ಮೇಲೆ ತಟ್ಟೆಯ ತುಂಬ ಹರಡಿ ಒಂದಕ್ಕೊಂದು ಅಂಟಿಕೊಳ್ಳುತ್ತಿದೆ. ಕೇಕಿನ ನೆತ್ತಿ ಒಡೆದು, ಕಂದಿ, ನಡುವೆ ಹಸಿ ಉಳಿಯುತ್ತದೆ. ಖಾರದ ಬನ್ನಿಗೆ ಹುಳಿ ವಾಸನೆ, ಮರುದಿನಕ್ಕೆ ಅದು ಕಲ್ಲು. ನಮ್ಮದು ಮೊಟ್ಟೆ ತಾರದ ಮನೆ. ಮೇ ಕೊನೆಯಲ್ಲಿ ತಂಗಿಯ ಕುಬಸ (ಸೀಮಂತ) ಇದೆ, ಸಂಜೆಯ ಚಹದ ಹೊತ್ತಿಗೆ ನಲವತ್ತು ಮಂದಿಗೆ ಸಿಹಿ ಮತ್ತು ಖಾರ ಎರಡನ್ನೂ ಮನೆಯಲ್ಲೇ ಮಾಡಬೇಕೆಂಬ ಆಸೆ. ಜೋಳದ ಹಿಟ್ಟನ್ನು ಬಳಸಬಹುದೆ? ಕೇಕಿನ ಮೇಲೆ ಕ್ರೀಮು ಹಚ್ಚಬಹುದೆ? ಸಕ್ಕರೆ ಕಾಯಿಲೆ ಇರುವ ಮಾವನವರಿಗೆ ಏನು ಕೊಡಲಿ? ಓವನ್ನಿನ ತಳದಲ್ಲಿ ಪರ್ಸಿ, ಅಂದರೆ ನೆಲಕ್ಕೆ ಹಾಸುವ ಶಹಾಬಾದಿನ ಕಲ್ಲಿಟ್ಟರೆ ಶಾಖ ನಿಲ್ಲುತ್ತದೆಂದು ಮೈದುನ ಹೇಳುತ್ತಾನೆ, ನಿಜವೆ?

ಉತ್ತರ: ಅರ್ಧ ಉತ್ತರವನ್ನು ನೀವೇ ಬರೆದು ಕಳಿಸಿದ್ದೀರಿ. ಚಳಿಗಾಲದಲ್ಲಿ ಸರಿಯಾಗಿ ಬರುತ್ತಿದ್ದದ್ದು ಯುಗಾದಿಯ ನಂತರ ಕೆಡತೊಡಗಿತು ಎಂದಿದ್ದೀರಿ. ಅಳತೆ ಅದೇ, ಹಿಟ್ಟು ಅದೇ, ಕೈಯೂ ಅದೇ ಇರುವಾಗ ಬದಲಾದದ್ದು ಕೋಣೆಯ ಬಿಸಿ ಒಂದೇ. ನಾವು ಓದಿ ನೋಡಿ ಕಲಿಯುವ ಬೇಕಿಂಗ್ ಪಾಠಗಳಲ್ಲಿ ಹೆಚ್ಚಿನವು 20ರಿಂದ 24 ಡಿಗ್ರಿ ಸೆಲ್ಸಿಯಸ್ ಇರುವ ತಂಪು ಅಡಿಗೆಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಸಿದ್ಧವಾದವು. ‘ಕೋಣೆಯ ಉಷ್ಣಾಂಶದಲ್ಲಿರುವ ಬೆಣ್ಣೆ’ ಎಂದರೆ ಅವರ ಪಾಲಿಗೆ ಬೆರಳೊತ್ತಿದರೆ ಗುಳಿ ಬೀಳುವ ಬೆಣ್ಣೆ. ಹೊರಗೆ 42 ಡಿಗ್ರಿ ಬಿಸಿಲು ಹೊಡೆಯುತ್ತಿರುವ ನಮ್ಮೂರ ಮಧ್ಯಾಹ್ನದಲ್ಲಿ ಅದೇ ಮಾತನ್ನು ಪಾಲಿಸಿದರೆ ಕೈಗೆ ಸಿಗುವುದು ಎಣ್ಣೆ. ನಿಮ್ಮ ಮೂರೂ ದೂರುಗಳಿಗೆ ಬಹುಪಾಲು ಈ ಬಿಸಿಯೇ ಮೂಲವಾದ್ದರಿಂದ, ಹಿಟ್ಟನ್ನು ತೂಗುವಷ್ಟೇ ನಿಷ್ಠೆಯಿಂದ ನೀವು ಇನ್ನು ಮುಂದೆ ಬಿಸಿಯನ್ನೂ ಅಳೆಯಬೇಕಾಗುತ್ತದೆ.

ಮೊದಲು ನಾನ್‌ಖಟಾಯಿ. ತುಪ್ಪ ಸುಮಾರು 32ರಿಂದ 36 ಡಿಗ್ರಿಯ ನಡುವೆ ಪೂರ್ತಿ ಕರಗುತ್ತದೆ. ಡಿಸೆಂಬರಿನಲ್ಲಿ ಹರಳು ಹರಳಾಗಿ ಗಟ್ಟಿಯಾಗಿರುವ ಅದನ್ನು ಸಕ್ಕರೆ ಪುಡಿಯೊಡನೆ ನಾದಿದಾಗ ಒಳಗೆ ಗಾಳಿ ಸೇರಿ ಬೆಳ್ಳಗಾಗುತ್ತದೆ, ಮತ್ತು ಓವನ್ನಿನಲ್ಲಿ ಆ ತುಪ್ಪ ಕರಗುವ ಹೊತ್ತಿಗೆ ಹಿಟ್ಟಿನ ಅಂಚು ಗಟ್ಟಿಯಾಗಿ ಬಿಸ್ಕತ್ತು ತನ್ನ ಆಕಾರದಲ್ಲೇ ನಿಲ್ಲುತ್ತದೆ. ಏಪ್ರಿಲಿನಲ್ಲಿ ಡಬ್ಬಿಯಲ್ಲೇ ನೀರಾಗಿರುವ ತುಪ್ಪ ಗಾಳಿಯನ್ನು ಹಿಡಿಯಲಾರದು, ತಟ್ಟೆ ಒಳಗೆ ಹೋದ ಕ್ಷಣದಿಂದಲೇ ಹರಿಯತೊಡಗುತ್ತದೆ. ನಾನು ಚಿಕ್ಕವಳಿದ್ದಾಗ ದೀಪಾವಳಿಗೆ ಮುಂಚೆ ಮೈದಾ, ರವೆ, ಸಕ್ಕರೆ, ವನಸ್ಪತಿಯ ಡಬ್ಬಿಗಳನ್ನು ಹೊತ್ತು ಭಟ್ಟಿಗೆ ಹೋಗಿ, ಸರದಿಯಲ್ಲಿ ಕೂತು, ತಗಡಿನ ಡಬ್ಬಿ ತುಂಬ ಬಿಸ್ಕತ್ತು ಮಾಡಿಸಿಕೊಂಡು ಬರುತ್ತಿದ್ದೆವು. ಆ ಬಿಸ್ಕತ್ತು ಎಷ್ಟೇ ಸೆಕೆಯಲ್ಲೂ ಆಕಾರ ಬಿಡುತ್ತಿರಲಿಲ್ಲ, ಏಕೆಂದರೆ ವನಸ್ಪತಿ ತುಪ್ಪಕ್ಕಿಂತ ತಡವಾಗಿ ಕರಗುತ್ತದೆ. ಹಾಗೆಂದು ಮನೆಯವರಿಗೆ ಅದನ್ನೇ ಹಾಕಿ ಎಂದು ನಾನು ಹೇಳಲಾರೆ. ತುಪ್ಪವನ್ನು ತಂಪು ಮಾಡಿಕೊಂಡರೆ ಕೆಲಸ ಆಗುತ್ತದೆ.

ಅಳತೆ ಹೀಗಿರಲಿ: ಮೈದಾ 150 ಗ್ರಾಂ, ಕಡಲೆ ಹಿಟ್ಟು 50 ಗ್ರಾಂ, ಸಣ್ಣ ರವೆ 25 ಗ್ರಾಂ, ಸಕ್ಕರೆ ಪುಡಿ 110 ಗ್ರಾಂ, ತುಪ್ಪ 120 ಗ್ರಾಂ, ಕಾಲು ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಏಲಕ್ಕಿ. ತುಪ್ಪವನ್ನು ಫ್ರಿಜ್ಜಿನಲ್ಲಿಟ್ಟು, ಚಮಚದಿಂದ ಕೆರೆದರೆ ಬರುವಷ್ಟು ಗಟ್ಟಿ ಮಾಡಿಕೊಳ್ಳಿ. ನಾದುವ ಪಾತ್ರೆಯನ್ನು ಐಸ್ ನೀರು ತುಂಬಿದ ಪರಾತದಲ್ಲಿ ಕೂಡಿಸಿ, ಉಂಡೆ ಕಟ್ಟಿ ತಟ್ಟೆಗೆ ಹಚ್ಚಿದ ಮೇಲೆ ಇಡೀ ತಟ್ಟೆಯನ್ನು 20 ನಿಮಿಷ ಫ್ರಿಜ್ಜಿನಲ್ಲಿಟ್ಟು, ಅಲ್ಲಿಂದ ನೇರ 160 ಡಿಗ್ರಿಯ ಓವನ್ನಿಗೆ ಇಡಿ. 18ರಿಂದ 20 ನಿಮಿಷ ಸಾಕು. ಹೊರತೆಗೆದಾಗ ಮೆತ್ತಗಿದೆಯಲ್ಲ ಎಂದು ಮತ್ತೆ ಒಳಗೆ ತಳ್ಳಬೇಡಿ, ಅದು ಆರಿದ ಮೇಲೆಯೇ ಗಟ್ಟಿಯಾಗುವ ತಿನಿಸು. ಇಷ್ಟು ಹಿಟ್ಟಿಗೆ 20 ಗ್ರಾಮಿನ ಇಪ್ಪತ್ತೆರಡು ಬಿಸ್ಕತ್ತು ಬರುತ್ತವೆ. ಬೆಣ್ಣೆ ಬರೆದಿರುವ ಬೇರೆ ಯಾವುದಾದರೂ ಅಳತೆಗೆ ನೀವು ತುಪ್ಪ ಹಾಕುವುದಾದರೆ 100 ಗ್ರಾಂ ಬೆಣ್ಣೆಯ ಬದಲು 80 ಗ್ರಾಂ ತುಪ್ಪ ಮತ್ತು ಒಂದು ದೊಡ್ಡ ಚಮಚ ಹಾಲು ಎಂದು ಲೆಕ್ಕ ಹಿಡಿಯಿರಿ, ಏಕೆಂದರೆ ಬೆಣ್ಣೆಯಲ್ಲಿ ಆರನೇ ಒಂದು ಪಾಲಿನಷ್ಟು ನೀರೇ ಇರುತ್ತದೆ.

ಇನ್ನು ಓವನ್ನು. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ನಿಮ್ಮ ಕೇಕು ಕೆಡುವುದಕ್ಕೂ ಬನ್ನು ಕಲ್ಲಾಗುವುದಕ್ಕೂ ಕಾರಣ ಇಲ್ಲಿಯೇ ಇದೆಯೆಂದು ನನಗೆ ಬಲವಾಗಿ ಅನಿಸುತ್ತದೆ. ಓವನ್ನನ್ನು ಕಾಯಿಸುವ ವಿದ್ಯುತ್ ಕಂಬಿಯ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 230 ವೋಲ್ಟಿನಲ್ಲಿ 1500 ವ್ಯಾಟ್ ಕೊಡುವ ಓವನ್ನು, ಬೇಸಿಗೆಯ ಸಂಜೆ ಬೀದಿಯ ಎಲ್ಲ ಮನೆಗಳಲ್ಲಿ ಕೂಲರು, ಎಸಿ ತಿರುಗುತ್ತಿರುವಾಗ ವೋಲ್ಟೇಜು 200ಕ್ಕೆ ಇಳಿದರೆ, 1130 ವ್ಯಾಟಿನಷ್ಟೇ ಕೊಡುತ್ತದೆ. ಅಂದರೆ ಶಾಖದಲ್ಲಿ ಕಾಲು ಭಾಗ ಖೋತಾ. ಹತ್ತು ನಿಮಿಷ ಕಾಯಿಸಿದ್ದೇನೆ ಎಂದು ನೀವು ಕೇಕನ್ನು ಒಳಗಿಟ್ಟಿರುತ್ತೀರಿ, ಆದರೆ ಓವನ್ನಿನ್ನೂ ಕಾದಿರುವುದಿಲ್ಲ. ಕಾಯುವ ತನಕ ಕಂಬಿಗಳು ಬಿಡುವಿಲ್ಲದೆ ಕೆಂಪಗೆ ಉರಿಯುತ್ತವೆ, ಮೇಲಿನ ಕಂಬಿಯ ನೇರ ಝಳಕ್ಕೆ ಕೇಕಿನ ನೆತ್ತಿ ಮೊದಲೇ ಕಂದಿ ಗಟ್ಟಿಯಾಗುತ್ತದೆ, ಆಮೇಲೆ ನಡುವಿನ ಹಿಟ್ಟು ಉಬ್ಬಲು ಹೊರಟಾಗ ದಾರಿಯಿಲ್ಲದೆ ಆ ನೆತ್ತಿಯನ್ನು ಒಡೆಯುತ್ತದೆ. ನಡುವೆ ಹಸಿ, ಮೇಲೆ ಕಪ್ಪು ಎಂಬ ನಿಮ್ಮ ವರ್ಣನೆಗೆ ಇದು ಅಕ್ಷರಶಃ ಹೊಂದುತ್ತದೆ.

ಆದ್ದರಿಂದ ಕೇಕಿಗೆ ಕೆಳಗಿನ ಕಂಬಿಯನ್ನು ಮಾತ್ರ ಉರಿಸಿ, ಟಿನ್ನನ್ನು ನಡುವಿನ ಅಥವಾ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಸಾಲಿನಲ್ಲಿಡಿ. ಗುಂಡಿಯ ಮೇಲೆ ಬರೆದ ಅಂಕಿಯನ್ನು ನಂಬಬೇಡಿ. ನನ್ನ ಮೊದಲ ಓಟಿಜಿ 180ಕ್ಕೆ ತಿರುಗಿಸಿದರೆ 205ರವರೆಗೆ ಹೋಗುತ್ತಿತ್ತು, ಅದು ಗೊತ್ತಾಗುವ ಹೊತ್ತಿಗೆ ಒಂದು ವರ್ಷದ ಬಿಸ್ಕತ್ತುಗಳು ಕರಿಕಾಗಿ ಹೋಗಿದ್ದವು. ಓವನ್ನಿನೊಳಗೆ ತೂಗುಹಾಕುವ ಚಿಕ್ಕ ಥರ್ಮಾಮೀಟರು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅದು ಬರುವ ತನಕ ಒಂದು ಚಮಚ ಸಕ್ಕರೆಯೇ ಸಾಕು. ಸಕ್ಕರೆ ಸುಮಾರು 186 ಡಿಗ್ರಿಯಲ್ಲಿ ಕರಗುತ್ತದೆ. ಗುಂಡಿಯನ್ನು 175ಕ್ಕಿಟ್ಟು ಚೆನ್ನಾಗಿ ಕಾಯಿಸಿ, ಬೆಳ್ಳಿ ಹಾಳೆಯ (ಅಲ್ಯುಮಿನಿಯಂ ಫಾಯಿಲಿನ) ಮೇಲೆ ಸಕ್ಕರೆ ಹರಡಿ 15 ನಿಮಿಷ ಒಳಗಿಡಿ. ಅದು ಕರಗಿದರೆ ನಿಮ್ಮ ಓವನ್ನು ಅಂಕಿಗಿಂತ ಬಿಸಿಯಾಗಿದೆ. ಗುಂಡಿಯನ್ನು 190ಕ್ಕೆ ತಿರುಗಿಸಿ ಮತ್ತೊಮ್ಮೆ ಹಾಗೆಯೇ ಇಟ್ಟಾಗಲೂ ಕರಗದಿದ್ದರೆ ತಣ್ಣಗಿದೆ. ಬೆಳಿಗ್ಗೆ ಒಮ್ಮೆ, ಸಂಜೆ ಏಳರ ಹೊತ್ತಿಗೆ ಒಮ್ಮೆ ಈ ಪರೀಕ್ಷೆ ಮಾಡಿದರೆ ವೋಲ್ಟೇಜಿನ ಆಟವೂ ಕಣ್ಣಿಗೆ ಬೀಳುತ್ತದೆ. ಇದರ ಜೊತೆಗೆ ಒಂದು ಎಚ್ಚರ: 1500 ವ್ಯಾಟ್ ಎಂದರೆ ಆರೂವರೆ ಆಂಪಿಯರು, ಮಿಕ್ಸಿ ಹಾಕುವ 6 ಆಂಪಿಯರಿನ ಪ್ಲಗ್ಗಿಗೆ ಓಟಿಜಿ ಸಿಕ್ಕಿಸಿದ್ದರೆ ಇವತ್ತೇ ತೆಗೆದು 16 ಆಂಪಿಯರಿನದಕ್ಕೆ ಹಾಕಿಸಿ.

ಪರ್ಸಿ ಕಲ್ಲಿನ ಮಾತು. ಶಾಖ ಹಿಡಿದಿಡುವ ಭಾರದ ವಸ್ತು ಒಳಗಿದ್ದರೆ ವೋಲ್ಟೇಜು ಏರಿಳಿದರೂ ಓವನ್ನು ತೂಗಾಡುವುದಿಲ್ಲ ಎಂಬ ನಿಮ್ಮ ಮೈದುನನ ತರ್ಕ ಸರಿಯಾಗಿಯೇ ಇದೆ, ಆರಿಸಿದ ವಸ್ತು ಮಾತ್ರ ತಪ್ಪು. ನಮ್ಮ ಶಹಾಬಾದಿನ ಕಲ್ಲು ಪದರು ಪದರಾಗಿ ಏಳುವ ಸುಣ್ಣದ ಕಲ್ಲು. ನೆಲಕ್ಕೆ ಅದಕ್ಕಿಂತ ತಂಪಾದದ್ದಿಲ್ಲ, ಆದರೆ ಪದರುಗಳ ನಡುವೆ ಕುಳಿತ ತೇವ ಆವಿಯಾದಾಗ ಅದು ಸಿಡಿದು ಬಿರಿಯಬಹುದು. ಅದರ ಬದಲು ರೊಟ್ಟಿ ಬೇಯಿಸುವ ಕಬ್ಬಿಣದ ಹಂಚನ್ನು ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಬೋರಲು ಹಾಕಿ, 25 ನಿಮಿಷ ಕಾಯಿಸಿ. ಗಾಳಿಯಾಡಲು ಸುತ್ತ ಎರಡು ಬೆರಳು ಜಾಗ ಉಳಿಯುವಂಥ ಚಿಕ್ಕ ಹಂಚಿರಬೇಕು. ನಡುವೆ ಕರೆಂಟು ಹೋದರೂ, ಬಾಗಿಲು ತೆಗೆಯದಿದ್ದರೆ, ಹತ್ತು ನಿಮಿಷದವರೆಗೆ ಈ ಹಂಚು ನಿಮ್ಮ ಕೇಕನ್ನು ಕಾಯುತ್ತದೆ.

ಕೇಕಿನ ವಿಚಾರಕ್ಕೆ ಬರುತ್ತೇನೆ. ಮೊಟ್ಟೆ ಕೇಕಿನಲ್ಲಿ ಉಬ್ಬಿಸುವ, ಕಟ್ಟಿ ಹಿಡಿಯುವ, ನೀರನ್ನೂ ಎಣ್ಣೆಯನ್ನೂ ಕೂಡಿಸುವ ಮೂರು ಕೆಲಸ ಮಾಡುತ್ತದೆ, ಮತ್ತು ಇವೆಲ್ಲವನ್ನೂ ಒಂದೇ ವಸ್ತು ಮಾಡಿಕೊಡಲಿ ಎಂದು ನಿರೀಕ್ಷಿಸುವುದರಿಂದಲೇ ಮೊಟ್ಟೆಯಿಲ್ಲದ ಕೇಕುಗಳು ಸಪ್ಪೆಯಾಗುತ್ತವೆ. ಉಬ್ಬಿಸಲು ಮೊಸರು ಮತ್ತು ಸೋಡಾ, ಕಟ್ಟಿ ಹಿಡಿಯಲು ಅಗಸಿ, ಹೀಗೆ ಕೆಲಸ ಹಂಚಿ. ನಮ್ಮಲ್ಲಿ ಹಿಂಡಿಗೆಂದು, ಅಂದರೆ ಚಟ್ನಿಪುಡಿಗೆಂದು, ಮನೆಮನೆಯಲ್ಲೂ ಇರುವ ಅಗಸಿಯನ್ನು ಹುರಿಯದೆ ಪುಡಿಮಾಡಿ, ಒಂದು ದೊಡ್ಡ ಚಮಚಕ್ಕೆ ಅದೇ ಚಮಚದಿಂದ ಮೂರು ಚಮಚ ನೀರು ಬೆರೆಸಿ ಹತ್ತು ನಿಮಿಷ ಬಿಟ್ಟರೆ ಲೋಳೆಯಾಗುತ್ತದೆ. ಅದು ಒಂದು ಮೊಟ್ಟೆಯ ಜಾಗ ತುಂಬುತ್ತದೆ.

8 ಇಂಚಿನ ದುಂಡು ಟಿನ್ನಿಗೆ ಮೈದಾ 150 ಗ್ರಾಂ, ಜೋಳದ ಹಿಟ್ಟು 75 ಗ್ರಾಂ, ಸಕ್ಕರೆ ಪುಡಿ 150 ಗ್ರಾಂ, ಮೊಸರು ಒಂದು ಲೋಟ, ಅಂದರೆ 240 ಗ್ರಾಂ, ಕುಸುಬಿ ಎಣ್ಣೆ 100 ಮಿಲಿ, ಮೇಲೆ ಹೇಳಿದ ಅಗಸಿ ಲೋಳೆ, ಬೇಕಿಂಗ್ ಪೌಡರ್ ಒಂದು ಚಮಚ, ಅಡಿಗೆ ಸೋಡಾ ಅರ್ಧ ಚಮಚ, ಚಿಟಿಕೆ ಉಪ್ಪು, ಜಾಜಿಕಾಯಿ ಅಥವಾ ಏಲಕ್ಕಿ ತೆಗೆದುಕೊಳ್ಳಿ. ಎಣ್ಣೆ ರಿಫೈನ್ಡ್ ಆಗಿರಲಿ, ಗಾಣದ ಕುಸುಬಿ ಎಣ್ಣೆಗೆ ತನ್ನದೇ ವಾಸನೆಯಿದ್ದು ಕೇಕಿನಲ್ಲಿ ಅದು ಎದ್ದು ಕಾಣುತ್ತದೆ. ಜೋಳದ ಹಿಟ್ಟನ್ನು ಎರಡು ಸಲ ಸಾಣಿಸಿ, ಮೊಸರಿನಲ್ಲಿ ಕಲಸಿ 20 ನಿಮಿಷ ನೆನೆಯಲು ಬಿಟ್ಟರೆ ಬಾಯಿಗೆ ಮರಳಿನಂತೆ ಸಿಗುವುದಿಲ್ಲ. ಆಮೇಲೆ ಸಕ್ಕರೆ, ಎಣ್ಣೆ, ಲೋಳೆ ಸೇರಿಸಿ. ಸೋಡಾ, ಬೇಕಿಂಗ್ ಪೌಡರ್, ಮೈದಾಗಳನ್ನು ಒಟ್ಟಿಗೆ ಸಾಣಿಸಿ ಕೊನೆಯಲ್ಲಿ ಬೆರೆಸಿ, ಗಟ್ಟಿಯೆನಿಸಿದರೆ ಎರಡು ಮೂರು ಚಮಚ ಹಾಲು ಹಾಕಿ. ಬೇಸಿಗೆಯ ಮೊಸರು ಬೆಳಿಗ್ಗೆಗಿಂತ ಮಧ್ಯಾಹ್ನಕ್ಕೆ ಹುಳಿ, ಹುಳಿ ಹೆಚ್ಚಿದಷ್ಟೂ ಸೋಡಾ ತಟ್ಟನೆ ಉಕ್ಕಿ ಇಳಿದುಬಿಡುತ್ತದೆ. ಆದ್ದರಿಂದ ಓವನ್ನು ಪೂರ್ತಿ ಕಾದ ಮೇಲೆಯೇ ಸೋಡಾ ಮುಟ್ಟಿ, ಬೆರೆಸಿದ ಐದು ನಿಮಿಷದೊಳಗೆ ಟಿನ್ನು ಒಳಗಿರಲಿ. 170 ಡಿಗ್ರಿಯಲ್ಲಿ 38ರಿಂದ 42 ನಿಮಿಷ, ಮೊದಲ 25 ನಿಮಿಷ ಬಾಗಿಲು ತೆಗೆಯುವಂತಿಲ್ಲ. ಉಬ್ಬಲೆಂದು ಸೋಡಾ ಹೆಚ್ಚು ಸುರಿದರೆ ಉಳಿದುಹೋದ ಸೋಡಾ ಸಾಬೂನಿನ ರುಚಿ ಕೊಡುತ್ತದೆ ಮತ್ತು ನೆತ್ತಿ ಒಡೆಯುವ ಬದಲು ಕುಸಿಯುತ್ತದೆ.

ಜೋಳದ ಹಿಟ್ಟಿನ ಬಗ್ಗೆ ಕೇಳಿದ್ದೀರಿ. ಇದು ನನ್ನ ಮೆಚ್ಚಿನ ವಿಷಯವಾದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುವುದನ್ನು ಕ್ಷಮಿಸಿ. ಗೋಧಿಯಲ್ಲಿ ಗ್ಲೂಟೆನ್ ಎಂಬ, ನಾರಿನಂತೆ ಎಳೆದರೆ ಹಿಗ್ಗುವ ಪ್ರೋಟೀನಿದೆ, ಯೀಸ್ಟು ಹುಟ್ಟಿಸುವ ಗಾಳಿಯನ್ನು ಆ ನಾರಿನ ಚೀಲ ಹಿಡಿದಿಡುತ್ತದೆ. ಜೋಳದಲ್ಲಿ ಅದಿಲ್ಲ, ಆದ್ದರಿಂದ ಬರೀ ಜೋಳದ ಬನ್ನು ಉಬ್ಬುವುದಿಲ್ಲ. ಆದರೆ ಜೋಳದ ಪಿಷ್ಟ ಸುಮಾರು 70 ಡಿಗ್ರಿ ದಾಟಿದಾಗ ನೀರು ಕುಡಿದು ಗಂಜಿಯಂತೆ ಜಿಗಿಯಾಗುತ್ತದೆ. ನಮ್ಮ ಅಜ್ಜಿಯರು ರೊಟ್ಟಿಗೆ ಎಸರಿಟ್ಟು, ಕುದಿಯುವ ನೀರನ್ನೇ ಹಿಟ್ಟಿನ ನಡುವಿನ ಗುಳಿಗೆ ಸುರಿದು, ಕಟ್ಟಿಗೆಯ ಹುಟ್ಟಿನಿಂದ ತಿರುವಿ, ಕೈ ತಾಳುವ ಹದಕ್ಕೆ ಬಂದಾಗ ನಾದುತ್ತಿದ್ದುದು ಇದೇ ಕಾರಣಕ್ಕೆ. ತಣ್ಣೀರಲ್ಲಿ ಕಲಸಿದ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಅಂಚು ಬಿರಿಯುವುದನ್ನು ನೀವೂ ನೋಡಿರುತ್ತೀರಿ. ಇದೇ ಎಸರಿನ ಹಿಟ್ಟನ್ನು ಬನ್ನಿನ ಕಣಕಕ್ಕೆ ಸೇರಿಸಿದರೆ, ಅದು ಹಿಡಿದಿಟ್ಟ ನೀರು ಬೇಯುವಾಗ ಅಷ್ಟು ಸುಲಭವಾಗಿ ಹಾರಿಹೋಗದೆ ಬನ್ನನ್ನು ಎರಡನೆಯ ದಿನವೂ ಮೆತ್ತಗೆ ಇಡುತ್ತದೆ. ಹಿಟ್ಟು ಮಾತ್ರ ಗಿರಣಿಯಿಂದ ಈಚೆಗೆ ತಂದದ್ದಾಗಿರಬೇಕು. ತಿಂಗಳುಗಟ್ಟಲೆ ಇಟ್ಟ ಹಿಟ್ಟಿಗೆ ಜಿಗಿ ಹೋಗಿರುತ್ತದೆ, ಬೇಸಿಗೆಯಲ್ಲಿ ಕಹಿಯೂ ಏರುತ್ತದೆ. ಬಿಳಿ ಜೋಳ, ಅದರಲ್ಲೂ ಹಿಂಗಾರಿಯ ಮಾಲದಂಡಿ ತಳಿ ಸಿಕ್ಕರೆ ಬಣ್ಣ, ರುಚಿ ಎರಡೂ ಚೆನ್ನ.

ನಲವತ್ತು ಖಾರದ ಬನ್ನಿಗೆ ಲೆಕ್ಕ ಕೊಡುತ್ತೇನೆ. 150 ಗ್ರಾಂ ಜೋಳದ ಹಿಟ್ಟಿಗೆ 300 ಮಿಲಿ ಕುದಿಯುವ ನೀರು ಸುರಿದು ತಿರುವಿ, ಮುಚ್ಚಿ, ಆರಿದ ಮೇಲೆ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಅದಕ್ಕೆ ಮೈದಾ ಒಂದು ಕಿಲೋ, ಸಕ್ಕರೆ 60 ಗ್ರಾಂ, ಉಪ್ಪು 20 ಗ್ರಾಂ, ಇನ್‌ಸ್ಟಂಟ್ ಯೀಸ್ಟು 8 ಗ್ರಾಂ, ತಣ್ಣನೆಯ ಹಾಲು ಮತ್ತು ನೀರು ಕೂಡಿ ಸುಮಾರು 430 ಮಿಲಿ ಹಾಕಿ ಹತ್ತು ಹನ್ನೆರಡು ನಿಮಿಷ ನಾದಿ. ಕಣಕ ಒಂದು ಹದಕ್ಕೆ ಬಂದ ಮೇಲೆ 90 ಮಿಲಿ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಚಳಿಗಾಲದಲ್ಲಿ ನಾನು ಇದಕ್ಕೆ 11 ಗ್ರಾಂ ಯೀಸ್ಟು ಹಾಕುತ್ತೇನೆ, ಮೇ ತಿಂಗಳಲ್ಲಿ ಎಂಟಕ್ಕೇ ನಿಲ್ಲಿಸುತ್ತೇನೆ.

ನಿಮ್ಮ ಬನ್ನಿನ ಹುಳಿ ವಾಸನೆಗೆ ಕಾರಣ ನೀರಿನ ಬಿಸಿ. ಎಲ್ಲ ಪಾಠಗಳೂ ‘ಉಗುರುಬೆಚ್ಚಗಿನ ನೀರು’ ಎನ್ನುತ್ತವೆ, ನಮ್ಮಲ್ಲಿ ಈ ಕಾಲದಲ್ಲಿ ನಲ್ಲಿಯಿಂದಲೇ ಅಂಥದ್ದು ಬರುತ್ತದೆ, ಮತ್ತು ಅಲ್ಲಿಯೇ ಕೆಡುವುದು. ನಾದಿದ ಕಣಕ 26 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಬೇಕರಿಯವರು ಇದಕ್ಕೆ ಒಂದು ಸುಲಭ ಲೆಕ್ಕ ಇಟ್ಟುಕೊಂಡಿದ್ದಾರೆ: 26ನ್ನು ಮೂರರಿಂದ ಗುಣಿಸಿದರೆ 78, ಅದರಿಂದ ಕೋಣೆಯ ಬಿಸಿಯನ್ನೂ ಹಿಟ್ಟಿನ ಬಿಸಿಯನ್ನೂ ಕಳೆಯಿರಿ, ಉಳಿದದ್ದು ನೀರಿಗಿರಬೇಕಾದ ಬಿಸಿ. ಮಧ್ಯಾಹ್ನ ಕೋಣೆ 38, ಡಬ್ಬಿಯ ಹಿಟ್ಟು 36 ಇದ್ದರೆ ನೀರು 4 ಡಿಗ್ರಿ ಇರಬೇಕು, ಅಂದರೆ ಫ್ರಿಜ್ಜಿನ ನೀರು. ನಸುಕಿನ ಐದು ಗಂಟೆಗೆ ಕೋಣೆಯೂ ಹಿಟ್ಟೂ 29ರಲ್ಲಿದ್ದರೆ 20 ಡಿಗ್ರಿ ಸಾಕು, ಗಡಿಗೆಯ ನೀರಿಗೆ ಎರಡು ತುಂಡು ಐಸು ಹಾಕಿದರೆ ಆಯಿತು. ಫ್ರಿಜ್ಜಿನಿಂದ ಬಂದ ಎಸರಿನ ಹಿಟ್ಟು ಇದಕ್ಕೆ ಇನ್ನಷ್ಟು ನೆರವಾಗುತ್ತದೆ. ಕಣಕ ಬಿಸಿಯಾದಷ್ಟೂ ಯೀಸ್ಟು ಅವಸರದಲ್ಲಿ ಉಬ್ಬಿಸಿ, ರುಚಿ ಕೂಡುವ ಮೊದಲೇ ಹುಳಿಯೆಬ್ಬಿಸುತ್ತದೆ. ಗಡಿಯಾರ ನೋಡಬೇಡಿ, ಕಣಕ ನೋಡಿ. ಚಳಿಗಾಲದಲ್ಲಿ ಒಂದೂವರೆ ಗಂಟೆ ಬೇಕಾಗುವ ಮೊದಲ ಉಬ್ಬು ಈಗ 40 ನಿಮಿಷಕ್ಕೇ ಆಗಿಬಿಡಬಹುದು. ಹಿಟ್ಟು ಹಚ್ಚಿದ ಬೆರಳನ್ನು ಒತ್ತಿ ತೆಗೆದಾಗ ಗುಳಿ ನಿಧಾನವಾಗಿ ಅರ್ಧ ತುಂಬಿ ನಿಂತರೆ ಹದ, ತುಂಬದೆ ಹಾಗೆಯೇ ಉಳಿದರೆ ಹೊತ್ತು ಮೀರಿದೆ. ನಮ್ಮ ಒಣಗಾಳಿಗೆ ಕಣಕದ ಮೈ ಬೇಗ ಹಪ್ಪಳವಾಗುತ್ತದೆ, ಹಿಂಡಿದ ಒದ್ದೆ ಬಟ್ಟೆಯನ್ನು ಮುಚ್ಚುವುದು ಮರೆಯದಿರಿ.

ಮಸಾಲೆಗೆ ಕಾಲು ಕಿಲೋ ಉಳ್ಳಾಗಡ್ಡಿ, ಎಂಟು ಹತ್ತು ಹಸಿಮೆಣಸಿನಕಾಯಿ, ಕರಿಬೇವು, ಜೀರಿಗೆಗಳನ್ನು ಎಣ್ಣೆಯಲ್ಲಿ ನೀರು ಆರುವ ತನಕ ಹುರಿದು, ಪೂರ್ತಿ ತಣಿಸಿ, ಕೊತ್ತಂಬರಿಯೊಡನೆ ನಾದುವುದರ ಕೊನೆಯಲ್ಲಿ ಸೇರಿಸಿ. ಹಸಿ ಉಳ್ಳಾಗಡ್ಡಿ ಹಾಕಿದರೆ ಉಪ್ಪಿಗೆ ನೀರು ಬಿಟ್ಟು ಕಣಕ ಕೈಗೆ ಮೆತ್ತುತ್ತದೆ, ಆಗ ನೀವು ಮೈದಾ ಉದುರಿಸುತ್ತಾ ಹೋಗುತ್ತೀರಿ, ಆ ಉದುರಿಸಿದ ಮೈದಾ ಮರುದಿನದ ಗಟ್ಟಿಗೆ ಒಂದು ಕಾರಣ. ಇನ್ನೊಂದು ಕಾರಣ ಕಡಿಮೆ ವೋಲ್ಟೇಜಿನಲ್ಲಿ ಕೆಂಪಾಗಲಿ ಎಂದು ಅರ್ಧ ಗಂಟೆ ಒಳಗಿಟ್ಟು ಒಣಗಿಸಿದ್ದು. ಬನ್ನಿಗೆ ಎರಡೂ ಕಂಬಿ ಉರಿಯಲಿ, 190 ಡಿಗ್ರಿಯಲ್ಲಿ 18ರಿಂದ 20 ನಿಮಿಷ ಸಾಕು. ಒಳಗಿಡುವ ಮುನ್ನ ಹಾಲು, ತೆಗೆದ ಕೂಡಲೇ ತುಪ್ಪ ಸವರಿ ಬಟ್ಟೆ ಮುಚ್ಚಿ. ಮಕ್ಕಳಿಗಾಗಿ ಒಂದಿಷ್ಟು ಕಣಕವನ್ನು ಚಪ್ಪಟೆ ಲಟ್ಟಿಸಿ, ಎಣ್ಣೆಯಲ್ಲಿ ಕಲಸಿದ ಶೇಂಗಾ ಹಿಂಡಿ ಹಚ್ಚಿ, ಸುರುಳಿ ಸುತ್ತಿ ಕತ್ತರಿಸಿ ಬೇಯಿಸಿ ನೋಡಿ. ಹಿಂಡಿ ಒಳಗೇ ಇರಲಿ, ಮೇಲೆ ಉದುರಿಸಿದರೆ ಶೇಂಗಾ ಸೀದು ಕಹಿಯಾಗುತ್ತದೆ.

ಖಾರಕ್ಕೆ ಇನ್ನೊಂದು ತಿನಿಸನ್ನೂ ಸೇರಿಸಿ ಎಂಬುದು ನನ್ನ ಸಲಹೆ, ಏಕೆಂದರೆ ಬರೀ ಮೈದಾದಿಂದ ಹೊಟ್ಟೆ ತುಂಬಿದ ಹಾಗಾಗುವುದಿಲ್ಲ. 2019ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಪಡೆದ ಕಲಬುರಗಿಯ ತೊಗರಿಬೇಳೆ ನಮ್ಮ ಮನೆಯ ಡಬ್ಬಿಯಲ್ಲೇ ಇರುವಾಗ ಅದನ್ನು ಸಾರಿಗಷ್ಟೇ ಮೀಸಲಿಡುವುದೇಕೆ? 150 ಗ್ರಾಂ ತೊಗರಿಬೇಳೆ, 150 ಗ್ರಾಂ ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಸಿ ತರಿತರಿಯಾಗಿ ರುಬ್ಬಿ, ಅರ್ಧ ಲೋಟ ಹುಳಿ ಮೊಸರು ಕಲಸಿ ಮೂರು ಗಂಟೆ ಬಿಡಿ. ಸಬ್ಬಸಗಿ ಅಥವಾ ಮೆಂತ್ಯ ಸೊಪ್ಪು, ಶುಂಠಿ, ಹಸಿಮೆಣಸು, ಉಪ್ಪು, ಮೂರು ಚಮಚ ಎಣ್ಣೆ ಸೇರಿಸಿ, ಕೊನೆಗೆ ಅರ್ಧ ಚಮಚ ಸೋಡಾ ತಿರುವಿ ಟಿನ್ನಿಗೆ ಸುರಿದು, ಸಾಸಿವೆ, ಎಳ್ಳಿನ ಒಗ್ಗರಣೆ ಮೇಲೆ ಹರಡಿ 180 ಡಿಗ್ರಿಯಲ್ಲಿ 40ರಿಂದ 45 ನಿಮಿಷ ಬೇಯಿಸಿ. ಅರಿಶಿಣ ಚಿಟಿಕೆಗಿಂತ ಹೆಚ್ಚು ಬೇಡ. ಸೋಡಾ ಸರಿಯಾಗಿ ಕಲೆಯದ ಕಡೆ ಅರಿಶಿಣ ಕುಂಕುಮದಂತೆ ಕೆಂಪಾಗಿ, ತಿನ್ನುವವರು ಗಾಬರಿಯಾಗುತ್ತಾರೆ. ಪೂರ್ತಿ ಆರಿದ ಮೇಲೆಯೇ ಕತ್ತರಿಸಿ.

ಕ್ರೀಮಿನ ವಿಷಯದಲ್ಲಿ ನನ್ನ ಉತ್ತರ ಖಡಾಖಂಡಿತವಾಗಿ ಬೇಡ ಎಂದೇ. 38 ಡಿಗ್ರಿಯ ಕೋಣೆಯಲ್ಲಿ ಅದು ಅರ್ಧ ಗಂಟೆ ನಿಲ್ಲುವುದಿಲ್ಲ. ನಿಂತರೂ, 32 ಡಿಗ್ರಿಗಿಂತ ಬಿಸಿ ಇರುವಲ್ಲಿ ಹಾಲಿನ ತಿನಿಸುಗಳನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದೆಂಬ ನಿಯಮವಿದೆ, ಬಸುರಿ ಹೆಣ್ಣುಮಗಳನ್ನು ಕೂಡಿಸಿ ಆರತಿ ಮಾಡುವ ಸಮಾರಂಭದಲ್ಲಿ ಅದನ್ನು ಮೀರುವ ಧೈರ್ಯ ನನಗಿಲ್ಲ. ಕೇಕನ್ನು ಒಳಗಿಡುವ ಮುನ್ನ ಮೇಲೆ ಗಸಗಸೆ, ತೆಳ್ಳಗೆ ಹೆರೆದ ಕೊಬ್ಬರಿ, ಗೋಡಂಬಿ ಚೂರು ಉದುರಿಸಿ. ಬೆಂದು ಬಂದಾಗ ಅದಕ್ಕಿಂತ ಬೇರೆ ಅಲಂಕಾರ ಬೇಕಾಗುವುದಿಲ್ಲ.

ಮಾವನವರ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಸಕ್ಕರೆ ಕಾಯಿಲೆಯವರು ನಿಶ್ಚಿಂತೆಯಿಂದ ತಿನ್ನಬಹುದೆಂಬ ಮಾತು ತಪ್ಪು, ಬೆಲ್ಲದ ಬಹುಪಾಲೂ ಸಕ್ಕರೆಯೇ. ಜೋಳವೂ ಪಿಷ್ಟವೇ ಆದ್ದರಿಂದ ಅದು ಹಾಕಿದ ಮಾತ್ರಕ್ಕೆ ಕೇಕು ಔಷಧಿಯಾಗುವುದಿಲ್ಲ. ಅವರಿಗೆಂದು ತೊಗರಿಬೇಳೆಯ ಖಾರ ಕೇಕಿನ ಒಂದು ತುಂಡು ಎತ್ತಿಡಿ. ಸಿಹಿಯನ್ನು ಎಷ್ಟು ತಿನ್ನಬಹುದೆಂಬುದನ್ನು ಅವರ ವೈದ್ಯರು ಹೇಳಿರುತ್ತಾರೆ.

ಕೊನೆಯದಾಗಿ ಕುಬಸದ ದಿನದ ಕೆಲಸದ ಹೊಂದಾಣಿಕೆ. ನಿಮ್ಮ ಓವನ್ನಿನಲ್ಲಿ ಒಂದು ಸಲಕ್ಕೆ ಒಂದು ತಟ್ಟೆ ಮಾತ್ರ ಸರಿಯಾಗಿ ಬೇಯುತ್ತದೆ, ಎರಡು ಸಾಲು ಇಟ್ಟು ಸಮಯ ಉಳಿಸಲು ಹೋದರೆ ಎರಡೂ ಕೆಡುತ್ತವೆ. ನಾನ್‌ಖಟಾಯಿಯನ್ನು ಮೂರು ದಿನ ಮೊದಲೇ ನಾಲ್ಕು ಪಟ್ಟು ಅಳತೆಯಲ್ಲಿ ಮಾಡಿ ಬಿಗಿ ಡಬ್ಬಿಯಲ್ಲಿ ತುಂಬಿ, ತಲೆಗೆ ಎರಡು ಎಂದರೂ ಮಿಗುತ್ತದೆ. ಕೇಕಿಗೆ 8 ಇಂಚಿನ ಚೌಕ ಟಿನ್ನು ತೆಗೆದುಕೊಂಡರೆ ನಾಲ್ಕು ನಾಲ್ಕರಂತೆ ಹದಿನಾರು ತುಂಡು ಬರುತ್ತವೆ, ಮೂರು ಟಿನ್ನು ಸಾಕು. ದುಂಡು ಟಿನ್ನಿಗಿಂತ ಚೌಕದ ಹರವು ಕಾಲು ಪಾಲಿನಷ್ಟು ಹೆಚ್ಚಾದ್ದರಿಂದ ಮೇಲೆ ಕೊಟ್ಟ ಅಳತೆಯನ್ನೂ ಅಷ್ಟೇ ಹೆಚ್ಚಿಸಿ. ಇವನ್ನು ಹಿಂದಿನ ದಿನ ಬೆಳಿಗ್ಗೆ ಮುಗಿಸಿ, ಸಂಜೆಯ ವೋಲ್ಟೇಜಿಗೆ ಕೈ ಹಾಕಬೇಡಿ. ಆ ರಾತ್ರಿ ಎಸರಿನ ಹಿಟ್ಟು ಮತ್ತು ಬೇಳೆಯ ಹಿಟ್ಟು ಎರಡೂ ಫ್ರಿಜ್ಜಿನಲ್ಲಿರಲಿ. ಕುಬಸದ ದಿನ ನಸುಕಿನ ಐದಕ್ಕೆ ಕಣಕ ನಾದಿ, ಉಬ್ಬಿದ ಮೇಲೆ 50 ಗ್ರಾಮಿನ ಉಂಡೆ ಕಟ್ಟಿ, ಹತ್ತು ಹತ್ತರ ನಾಲ್ಕು ತಟ್ಟೆ ಮಾಡಿ. ಮೊದಲ ಎರಡು ತಟ್ಟೆ ಬೇಯುವಾಗ ಉಳಿದೆರಡು ಫ್ರಿಜ್ಜಿನಲ್ಲಿ ಕಾಯಲಿ, ಇಲ್ಲದಿದ್ದರೆ ಸರದಿ ಬರುವಷ್ಟರಲ್ಲಿ ಅವು ಉಬ್ಬಿ ಇಳಿದಿರುತ್ತವೆ. ಎಂಟೂವರೆಗೆ ಬನ್ನು ಮುಗಿದು, ಬೇಳೆಯ ಎರಡು ಟಿನ್ನುಗಳು ಹತ್ತೂವರೆಯೊಳಗೆ ಹೊರಬಂದು, ನೀವು ಸೀರೆ ಉಡಲು ಹೋಗಬಹುದು.

ಬೆಂದ ಬನ್ನನ್ನು ಮತ್ತೆ ಫ್ರಿಜ್ಜಿಗೆ ಇಡಬೇಡಿ, ಆ ತಂಪಿಗೆ ಪಿಷ್ಟ ಬೇಗ ಬಿಗಿದು ಬನ್ನು ಇನ್ನೂ ಬೇಗ ಗಟ್ಟಿಯಾಗುತ್ತದೆ. ಬಟ್ಟೆ ಸುತ್ತಿ ಡಬ್ಬಿಯಲ್ಲಿಟ್ಟು, ಬಡಿಸುವ ಮುನ್ನ ಬೆಳ್ಳಿ ಹಾಳೆ ಮುಚ್ಚಿ 150 ಡಿಗ್ರಿಯಲ್ಲಿ ಐದು ನಿಮಿಷ ಬಿಸಿ ಮಾಡಿ. ಮರುದಿನ ಉಳಿದವನ್ನು ಬೆರಳು ದಪ್ಪ ಹೋಳು ಮಾಡಿ 120 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಒಣಗಿಸಿದರೆ ಖಾರದ ಟೋಸ್ಟಾಗುತ್ತದೆ, ಚಹದಲ್ಲಿ ಅದ್ದಲು ನಮ್ಮ ಮನೆಯಲ್ಲಿ ಬನ್ನಿಗಿಂತ ಅದಕ್ಕೇ ಬೇಡಿಕೆ.